ಕಂಡದ್ದು ಎಡಕ್ಕೆ, ಊಹಿಸಿದ್ದು ಬಲಕ್ಕೆ: ಒಂದು ಪೌತಿ ಖಾತೆಯ ಹನ್ನೊಂದು ತಿಂಗಳು

ಕಳೆದ ಸೋಮವಾರ ಹಾಸನದ ಬಿ.ಎಂ. ರಸ್ತೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ನಿಂತು ನಮ್ಮ ಜಮೀನಿನ ಹೊಸ ಪಹಣಿಯನ್ನು ಮುದ್ರಿಸಿಕೊಂಡೆ. ತಾತ ತೀರಿಕೊಂಡು 40 ವರ್ಷ ಕಳೆದರೂ ಅದರ 9ನೇ ಕಾಲಂನಲ್ಲಿ ಅವರೊಬ್ಬರ ಹೆಸರೇ ಉಳಿದುಕೊಂಡು ಬಂದಿತ್ತು. ಈಗ ಆ ಜಾಗದಲ್ಲಿ ನನ್ನ ತಾಯಿ, ನಾನು, ನನ್ನ ತಮ್ಮ, ಚಿಕ್ಕಪ್ಪ ಮತ್ತು ಇಬ್ಬರು ಅತ್ತೆಯಂದಿರ ಹೆಸರುಗಳಿವೆ. ತೀರಿಕೊಂಡವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಈ ಪೌತಿ ಖಾತೆಗೆ ಮೊದಲ ಅರ್ಜಿ ಕೊಟ್ಟ ದಿನದಿಂದ ಈ ಹಾಳೆ ಕೈಗೆ ಬರುವವರೆಗೆ 11 ತಿಂಗಳು ಹಿಡಿದವು. ಈ ಅವಧಿಯಲ್ಲಿ ಕಾಗದಗಳ ನಡುವೆ ನಾನು ದಾರಿ ತಪ್ಪಿದಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸಿದ್ದು ಪತ್ತೇದಾರರ ಕೆಲವು ಅಭ್ಯಾಸಗಳು. ಅವು ಈಗ ನನ್ನ ಕಚೇರಿಯ ಮೇಜಿನವರೆಗೂ, ಮನೆಯ ಮಾತುಕತೆಯವರೆಗೂ ಬಂದು ನೆಲೆಸಿವೆ. ಇದೇ ದಾರಿಯಲ್ಲಿ ಹೊರಟಿರುವವರಿಗೆ ಸ್ವಲ್ಪವಾದರೂ ಗೊಂದಲ ತಪ್ಪಲಿ ಎಂಬ ಆಸೆಯಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನಾನು ಹಾಸನದ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ನಮ್ಮ ಊರು ಹೇಮಾವತಿಯ ನಾಲೆ ಹಾಯುವ, ಆಲೂಗಡ್ಡೆ ಮತ್ತು ರಾಗಿ ಬೆಳೆಯುವ ಒಂದು ಹಳ್ಳಿ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಗ್ರಂಥಾಲಯದಿಂದ ಪತ್ತೇದಾರಿ ಕಾದಂಬರಿಗಳನ್ನು ತರುತ್ತಿದ್ದರು. ಅವರು ಓದುವ ಮೊದಲೇ ನಾನು ಓದಿ, ಅಪರಾಧಿ ಯಾರೆಂದು ಹೇಳದೆ ಬಾಯಿ ಬಿಗಿಹಿಡಿದು ಕೂರುತ್ತಿದ್ದೆ. ಮುಂದೆ ಆ ಕುತೂಹಲ ಕಥೆಗಳನ್ನು ದಾಟಿ, ನಿಜವಾದ ಶೋಧಕರು ಹೇಗೆ ಯೋಚಿಸುತ್ತಿದ್ದರು ಎಂಬ ಕಡೆಗೆ ಹೊರಳಿತು. ಎಡಿನ್‌ಬರೋ ನಗರದಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಜೋಸೆಫ್ ಬೆಲ್ ಎಂಬ ಶಸ್ತ್ರಚಿಕಿತ್ಸಕರ ಬಗ್ಗೆ ಒಂದು ಪ್ರಸಂಗವನ್ನು ಹೇಳುತ್ತಾರೆ. ಅವರು ಕಹಿಯಾದ ದ್ರವವೊಂದರಲ್ಲಿ ಬೆರಳದ್ದಿ, ಬೆರಳನ್ನು ಬಾಯಿಗಿಟ್ಟು, ವಿದ್ಯಾರ್ಥಿಗಳೂ ಹಾಗೆಯೇ ಮಾಡುವಂತೆ ಹೇಳಿದರಂತೆ. ಎಲ್ಲರೂ ರುಚಿ ನೋಡಿ ಮುಖ ಹಿಂಡಿದ ಮೇಲೆ, ತಾವು ಅದ್ದಿದ ಬೆರಳೇ ಬೇರೆ, ಬಾಯಿಗಿಟ್ಟ ಬೆರಳೇ ಬೇರೆ ಎಂದು ತೋರಿಸಿದರಂತೆ. ಎಲ್ಲರ ಕಣ್ಣೆದುರಿಗೇ ನಡೆದದ್ದನ್ನು ಯಾರೊಬ್ಬರೂ ಕಂಡಿರಲಿಲ್ಲ. ಈ ಪ್ರಸಂಗವನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೆ. ಆದರೆ ನನ್ನ ಬದುಕಿನಲ್ಲಿ ಅದನ್ನು ಎಂದೂ ಬಳಸಿರಲಿಲ್ಲ.

ಅಪ್ಪ ಕಳೆದ ವರ್ಷ ಫೆಬ್ರುವರಿಯಲ್ಲಿ ತೀರಿಕೊಂಡರು. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬ ನಿಯಮ ಗೊತ್ತಿದ್ದ ಕಾರಣ ನನ್ನ ತಮ್ಮ ಆ ಕೆಲಸವನ್ನು ಅಪ್ಪನ ತಿಥಿಗೂ ಮೊದಲೇ ಮುಗಿಸಿದ್ದ. ಏಪ್ರಿಲ್‌ನಲ್ಲಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡುವ ಮುನ್ನ, ಲೆಕ್ಕದವಳ ಅಭ್ಯಾಸದಂತೆ ಒಂದು ಇನ್ನೂರು ಪುಟದ ನೋಟ್ ಪುಸ್ತಕ ಕೊಂಡೆ. ಪ್ರತಿ ಪುಟವನ್ನೂ ನಡುವೆ ಗೆರೆ ಎಳೆದು ಎರಡು ಮಾಡಿದೆ. ಎಡಕ್ಕೆ ನಾನು ಕಣ್ಣಾರೆ ಕಂಡದ್ದು ಅಥವಾ ಕಾಗದದಲ್ಲಿ ಓದಿದ್ದು, ಬಲಕ್ಕೆ ನಾನು ಊಹಿಸಿದ್ದು ಅಥವಾ ಇನ್ನೊಬ್ಬರು ಹೇಳಿದ್ದು. ಇಷ್ಟೇ ನನ್ನ ವಿಧಾನ. ಆಗ ಇದರಿಂದ ಏನಾದೀತೆಂಬ ಕಲ್ಪನೆಯೂ ನನಗಿರಲಿಲ್ಲ.

ಈ ದಾರಿಯಲ್ಲಿ ಹೊರಡುವವರು ಮೊದಲು ಪಹಣಿಯನ್ನು ಓದಲು ಕಲಿಯಬೇಕು. ನಾವೆಲ್ಲ ಅದರಲ್ಲಿ ಮಾಲೀಕರ ಹೆಸರನ್ನು ಮಾತ್ರ ನೋಡಿ ಮಡಚಿಡುತ್ತೇವೆ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣವೂ ಅದರಿಂದ ಕಳೆದ ಖರಾಬೂ ಇರುತ್ತವೆ. ಕೃಷಿಗೆ ಒದಗದ ಕಲ್ಲುನೆಲ ಮುಂತಾದುದು ಎ ಖರಾಬು, ದಾರಿ ಹಳ್ಳಗಳಂಥ ಸಾರ್ವಜನಿಕ ಬಳಕೆಯದು ಬಿ ಖರಾಬು. 9ರಲ್ಲಿ ಮಾಲೀಕರ ಹೆಸರು, 10ರಲ್ಲಿ ಆ ಹೆಸರು ಯಾವ ರೀತಿಯಲ್ಲಿ, ಯಾವ ಹಕ್ಕು ಬದಲಾವಣೆಯ ಸಂಖ್ಯೆಯಿಂದ ಬಂತೆಂಬ ವಿವರ, 11ರಲ್ಲಿ ಸಾಲ ಮೊದಲಾದ ಋಣಗಳು. ಪಹಣಿಯನ್ನು ಮನೆಯಲ್ಲಿರುವ ಹಳೆಯ ಪತ್ರದ ಪಕ್ಕದಲ್ಲಿಟ್ಟು ಒಂದೊಂದು ಅಂಕಿಯನ್ನೂ ಬೆರಳಿಟ್ಟು ಹೋಲಿಸಿ. ನಾನು ಹಾಗೆ ಹೋಲಿಸಿದಾಗ ನಮ್ಮ ತಾತ ಮತ್ತು ಅವರ ಅಣ್ಣತಮ್ಮಂದಿರ ನಡುವೆ 1968ರಲ್ಲಿ ಆದ ವಿಭಾಗ ಪತ್ರದಲ್ಲಿ ತಾತನ ಪಾಲಿಗೆ 2 ಎಕರೆ 13 ಗುಂಟೆ ಎಂದಿತ್ತು. ಪಹಣಿಯಲ್ಲಿ ಇದ್ದದ್ದು 2 ಎಕರೆ 6 ಗುಂಟೆ. 7 ಗುಂಟೆ ಎಲ್ಲಿ ಹೋಯಿತು?

ಆ ರಾತ್ರಿಯನ್ನು ನಾನು ಮರೆಯಲಾರೆ. ತಾತನ ಕಾಲದ ನಂತರ ಅಪ್ಪನೂ ಚಿಕ್ಕಪ್ಪನೂ ಬಾಯಿಮಾತಿನಲ್ಲೇ ಜಮೀನನ್ನು ಎರಡು ಮಾಡಿಕೊಂಡು ಉಳುತ್ತಿದ್ದರು. ಚಿಕ್ಕಪ್ಪ ಪಕ್ಕದಲ್ಲೇ ಸ್ವಂತಕ್ಕೆ ಒಂದು ತುಂಡು ಹೊಲವನ್ನೂ ಕೊಂಡಿದ್ದರು. ಊರಿನ ಒಬ್ಬಿಬ್ಬರು ಅಪ್ಪನ ತಿಥಿಯ ದಿನವೇ ನನ್ನ ಕಿವಿಯಲ್ಲಿ, ನಿಮ್ಮ ಬದು ಮೊದಲು ಇನ್ನೂ ಆಚೆ ಇತ್ತು ಎಂದು ಹೇಳಿಹೋಗಿದ್ದರು. ಏಳು ಗುಂಟೆಯ ಕೊರತೆ ಕಂಡ ಕೂಡಲೇ ನಾನು ಪುಸ್ತಕ ತೆರೆದು ಬರೆದದ್ದು ಇಷ್ಟು: ಚಿಕ್ಕಪ್ಪ ಸೇರಿಸಿಕೊಂಡಿದ್ದಾರೆ. ಬರೆದ ಮೇಲೆ ನೋಡಿದರೆ ಅದನ್ನು ಎಡಗಡೆಯ ಅಂಕಣದಲ್ಲಿ, ಕಣ್ಣಾರೆ ಕಂಡ ಸಂಗತಿಯಂತೆ ಬರೆದಿದ್ದೆ. ಪೆನ್ನು ಕೆಳಗಿಟ್ಟೆ. ನಾನು ಕಂಡದ್ದು ಎರಡು ಸಂಖ್ಯೆಗಳನ್ನು ಮಾತ್ರ. ಅವೆರಡರ ನಡುವೆ ಚಿಕ್ಕಪ್ಪನನ್ನು ತಂದು ನಿಲ್ಲಿಸಿದ್ದು ನನ್ನ ದುಃಖವೂ ಊರಿನವರ ಪಿಸುಮಾತೂ ಆಗಿತ್ತು. ಆಸ್ಟ್ರಿಯಾದ ತನಿಖಾ ನ್ಯಾಯಾಧೀಶ ಹಾನ್ಸ್ ಗ್ರಾಸ್ ಅವರು 1893ರಲ್ಲಿ ತನಿಖಾಧಿಕಾರಿಗಳಿಗಾಗಿ ಬರೆದ ಕೈಪಿಡಿಯಲ್ಲಿ, ಮೊದಲೇ ಕಟ್ಟಿಕೊಂಡ ಅಭಿಪ್ರಾಯವು ತನಿಖೆಯನ್ನು ಹೇಗೆ ಕೆಡಿಸುತ್ತದೆಂದು ಎಚ್ಚರಿಸಿದ್ದರು. ಅದನ್ನು ಓದಿದ್ದ ನನಗೇ ಹೀಗಾಗಿತ್ತು. ಆ ಸಾಲನ್ನು ಹೊಡೆದು ಬಲಗಡೆಗೆ ಸಾಗಿಸಿದೆ. ಅಂದು ನಾನು ಫೋನ್ ಎತ್ತಿ ಚಿಕ್ಕಪ್ಪನಿಗೆ ಒಂದು ಮಾತು ಆಡಿದ್ದರೆ ಮುಂದೆ ಅವರ ಸಹಿಯೂ ಸಿಗುತ್ತಿರಲಿಲ್ಲ, ಅವರೂ ಸಿಗುತ್ತಿರಲಿಲ್ಲ.

ಮರುದಿನ ಬಲಗಡೆಯಲ್ಲಿ ಮೂರು ಸಾಧ್ಯತೆಗಳನ್ನು ಬರೆದೆ: ಅಳತೆಯಲ್ಲೋ ಬರವಣಿಗೆಯಲ್ಲೋ ತಪ್ಪಾಗಿದೆ, ಯಾರೋ ಒತ್ತುವರಿ ಮಾಡಿ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದಾರೆ, ಸರ್ಕಾರ ಸ್ವಾಧೀನಪಡಿಸಿಕೊಂಡಿದೆ. ಪ್ರತಿಯೊಂದರ ಕೆಳಗೂ, ಇದು ನಿಜವಾಗಿದ್ದರೆ ಇನ್ನೇನು ಕಾಣಬೇಕು ಎಂಬ ಪ್ರಶ್ನೆಯನ್ನು ಹಾಕಿಕೊಂಡೆ. ಪತ್ತೇದಾರರಿಂದ ಕಲಿತ ಅಭ್ಯಾಸಗಳಲ್ಲಿ ನನಗೆ ಅತ್ಯಂತ ಹೆಚ್ಚು ಉಪಕಾರ ಮಾಡಿದ್ದು ಈ ಪ್ರಶ್ನೆ. ಚಿಕ್ಕಪ್ಪ ಸೇರಿಸಿಕೊಂಡಿದ್ದರೆ ಅವರ ಸ್ವಂತ ಹೊಲದ ಪಹಣಿಯಲ್ಲಿ ವಿಸ್ತೀರ್ಣ ಹೆಚ್ಚಿರಬೇಕು. ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ಯಾರಾದರೂ ನೋಡಬಹುದು. ನೋಡಿದೆ. ಅವರು ಕ್ರಯಕ್ಕೆ ಪಡೆದಷ್ಟೇ ಇತ್ತು, ಒಂದು ಗುಂಟೆಯೂ ಹೆಚ್ಚಿರಲಿಲ್ಲ. ಎರಡನೆಯ ಸಾಧ್ಯತೆ ಅಲ್ಲಿಗೇ ಬಹುಪಾಲು ಬಿದ್ದುಹೋಯಿತು. ಒಂದು ನಿಟ್ಟುಸಿರು ಬಂತು. ಜೊತೆಗೆ ನಾಚಿಕೆಯೂ ಆಯಿತು.

ಆ ವಾರದ ಕೊನೆಯಲ್ಲಿ ಊರಿಗೆ ಹೋಗಿ, ದೂರಿನ ದನಿ ಎಲ್ಲಿಯೂ ನುಸುಳದಂತೆ ಎಚ್ಚರವಹಿಸಿ, ಚಿಕ್ಕಪ್ಪನನ್ನೇ ಕೇಳಿದೆ: "ಚಿಕ್ಕಪ್ಪ, ತಾತನ ಪತ್ರಕ್ಕೂ ಪಹಣಿಗೂ ಏಳು ಗುಂಟೆ ವ್ಯತ್ಯಾಸ ಬರ್ತಿದೆ. ನಿಮಗೇನಾದ್ರೂ ನೆನಪಿದ್ಯಾ?" ಅವರು ಕೂತಿದ್ದ ಕಡೆಯಿಂದಲೇ ಕೈಚಾಚಿ ತೋರಿಸಿದರು. "ಅಲ್ಲಿ ಕಾಣ್ತೈತಲ್ಲ ಮಗಳೇ, ನಾಲೆ. ಅದಕ್ಕೇ ಹೋಗಿದ್ದು. ಅದ್ರ ದುಡ್ಡಲ್ಲೇ ನಮ್ಮಪ್ಪ ಒಂದು ಜೊತೆ ಎತ್ತು ತಂದಿದ್ರು. ನಾಲೆ ಎತ್ತು ಅಂತ್ಲೇ ಕರೀತಿದ್ವಿ." ನಾನು ಚಿಕ್ಕಂದಿನಿಂದ ಈಜು ಕಲಿಯಲು ಓಡಾಡಿದ ನಾಲೆಯ ಏರಿ ನಮ್ಮ ಹೊಲದ ಅಂಚಿನಲ್ಲೇ ಹಾಯ್ದಿತ್ತು. ಬೆಲ್ ಅವರ ವಿದ್ಯಾರ್ಥಿಗಳಂತೆ ನಾನೂ ಅದನ್ನು ನೋಡಿದ್ದೆ, ಕಂಡಿರಲಿಲ್ಲ.

ಆದರೂ ಅದು ಬಾಯಿಮಾತು, ಬಲಗಡೆಯ ಅಂಕಣದ್ದು. ಎಡಕ್ಕೆ ತರಲು ಕಾಗದ ಬೇಕಿತ್ತು. ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ನಾಲೆಯ ಸ್ವಾಧೀನ ಅದರ ಆಚೀಚೆ ನಡೆದಿರಬೇಕೆಂದು ಲೆಕ್ಕ ಹಾಕಿ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹಳೆಯ ಹಕ್ಕು ಬದಲಾವಣೆ ವಹಿಯ ನಕಲಿಗೆ ಅರ್ಜಿ ಕೊಟ್ಟೆ. ಭೂಮಾಪನ ವಿಭಾಗದಲ್ಲಿ, ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯ ಬರೆದಿರುವ ಆಕಾರಬಂದಿನ ನಕಲನ್ನೂ ಕೇಳಿದೆ. ಹೀಗೆ ಕೇಳುವಾಗ "ಹಳೆಯ ದಾಖಲೆ ಕೊಡಿ" ಎಂದು ಬರೆದರೆ ಅರ್ಜಿ ಮೂಲೆಗೆ ಬೀಳುತ್ತದೆ. ಸರ್ವೆ ನಂಬರು, ಹಿಸ್ಸಾ (ಅದರೊಳಗಿನ ಪಾಲಿನ ಸಂಖ್ಯೆ), ಹುಡುಕಬೇಕಾದ ವರ್ಷಗಳ ವ್ಯಾಪ್ತಿ, ಬೇಕಾದ ದಾಖಲೆಯ ಹೆಸರು ಇವಿಷ್ಟನ್ನೂ ಅರ್ಜಿಯಲ್ಲೇ ಕಾಣಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಒಂಬತ್ತು ವಾರಗಳ ನಂತರ, ಜುಲೈನಲ್ಲಿ, 1982-83ನೇ ಸಾಲಿನ ಒಂದು ನಮೂದು ಕೈಗೆ ಬಂತು: ನಾಲೆಗಾಗಿ 7 ಗುಂಟೆ. ಆ ಹಾಳೆಯನ್ನು ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ಕೂತಾಗ ಗಂಟಲು ಕಟ್ಟಿತು. ಕಳೆದುಹೋದ ನೆಲವೇನೂ ಮರಳಿ ಸಿಕ್ಕಿರಲಿಲ್ಲ. ಆದರೆ ಚಿಕ್ಕಪ್ಪನ ಹೆಸರಿನ ಮುಂದೆ ನಾನು ಹಾಕಿದ್ದ ಕಪ್ಪು ಗೆರೆ ಅಳಿಸಿತ್ತು.

ಕಾಯುವಿಕೆಯ ಬಗ್ಗೆ ಇಲ್ಲಿಯೇ ಹೇಳಬೇಕು. ಮೊದಲ ನಾಲ್ಕೈದು ಭೇಟಿಗಳಲ್ಲಿ ಕಾರಿಡಾರಿನಲ್ಲಿ ನಿಂತು ಕುದಿಯುತ್ತಿದ್ದೆ. ಅರ್ಧ ದಿನದ ರಜೆ ಹಾಕಿ ಬಂದರೆ, ನಮ್ಮ ಗ್ರಾಮ ಆಡಳಿತ ಅಧಿಕಾರಿ ಇರುತ್ತಿರಲಿಲ್ಲ. ಆಮೇಲೆ ಕುದಿಯುವುದನ್ನು ಬಿಟ್ಟು ಬರೆಯತೊಡಗಿದೆ: ಯಾವ ವಾರ, ಎಷ್ಟು ಹೊತ್ತಿಗೆ ಬಂದೆ, ಯಾರಿದ್ದರು, ಯಾರು ಎಲ್ಲಿಗೆ ಹೋಗಿದ್ದಾರೆಂದು ಹೇಳಿದರು. ಏಳು ಭೇಟಿಗಳ ನಂತರ ಪುಟವನ್ನು ನೋಡಿದರೆ, ಮಂಗಳವಾರ ಅವರು ಹಳ್ಳಿಗಳ ಮೇಲಿರುತ್ತಾರೆ, ಗುರುವಾರ ಬೆಳಿಗ್ಗೆ ಹನ್ನೊಂದರವರೆಗೆ ಖಂಡಿತ ಕಚೇರಿಯಲ್ಲಿರುತ್ತಾರೆ ಎಂಬುದು ಎದ್ದು ಕಾಣುತ್ತಿತ್ತು. ಅಲ್ಲಿಂದ ಮುಂದೆ ನನ್ನ ರಜೆಗಳು ವ್ಯರ್ಥವಾದದ್ದು ಎರಡೇ ಸಲ. ಸುಮ್ಮನೆ ಕೂತಾಗ ಒಟ್ಟುಗೂಡುವ ಸಿಟ್ಟು, ಗಮನಿಸುತ್ತ ಕೂತಾಗ ಹತ್ತಿರ ಸುಳಿಯುವುದಿಲ್ಲವೆಂಬುದನ್ನೂ ಅಲ್ಲಿಯೇ ಅರಿತೆ.

ಈ ಅಭ್ಯಾಸ ನನ್ನ ಕಚೇರಿಯನ್ನು ಪ್ರವೇಶಿಸಿದ್ದೂ ಆ ದಿನಗಳಲ್ಲೇ. ಒಂದು ಸಂಜೆ ನಗದು ವಹಿಗೂ ಲೆಡ್ಜರಿಗೂ 360 ರೂಪಾಯಿ ವ್ಯತ್ಯಾಸ ಬಂತು. ಹೊಸದಾಗಿ ಸೇರಿದ ಹುಡುಗಿ ಕೌಂಟರಿನಲ್ಲಿದ್ದಳು; ಮೊದಲಿನ ನಾನಾಗಿದ್ದರೆ ಅವಳನ್ನು ಕರೆದು ಕೇಳುತ್ತಿದ್ದೆ, ಅವಳು ಅಳುತ್ತಿದ್ದಳು. ಅಂದು, ನನಗೆ ಗೊತ್ತಿರುವುದೇನು ಎಂದು ಕೇಳಿಕೊಂಡೆ. ವ್ಯತ್ಯಾಸ 360 ಎಂಬುದಷ್ಟೇ ಗೊತ್ತಿತ್ತು. 360 ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುವುದು ಲೆಕ್ಕ ಬರೆಯುವವರಿಗೆ ಹಳೆಯ ಸಂಗತಿ. ಆದರೆ ಆತುರದಲ್ಲಿ ನೆನಪಾಗುವುದಿಲ್ಲ. ಹಾಗಾಗಿದ್ದರೆ ಎಲ್ಲೋ ಒಂದು ಕಡೆ ಅಂಕಿಗಳು ಸ್ಥಳ ಬದಲಿಸಿರಬೇಕು ಎಂದು ಹುಡುಕಿದಾಗ ಹತ್ತು ನಿಮಿಷಗಳಲ್ಲಿ ಸಿಕ್ಕಿತು. 1,620 ಎಂದು ಬರೆಯಬೇಕಾದಲ್ಲಿ 1,260 ಎಂದಿತ್ತು. ಬರೆದವಳು ನಾನೇ. ಎಡ ಮತ್ತು ಬಲದ ಅಂಕಣಗಳನ್ನು ಅಂದಿನಿಂದ ಕಚೇರಿಯ ಡೈರಿಯಲ್ಲೂ ಹಾಕಿಕೊಂಡಿದ್ದೇನೆ.

ಆಗಸ್ಟ್‌ನಲ್ಲಿ ದೊಡ್ಡ ಪೆಟ್ಟು ಬಿತ್ತು. ಜಮೀನಿನ ಮೇಲೆ ನೋಂದಣಿಯಾದ ಕ್ರಯ, ಸಾಲಗಳನ್ನು ಪಟ್ಟಿ ಮಾಡುವ ಋಣಭಾರ ಪತ್ರದಲ್ಲಿ ನಮ್ಮ ಸರ್ವೆ ನಂಬರಿಗೆ 1991ರ ಒಂದು ಕ್ರಯ ಕಾಣಿಸಿತು: ತಾತನ ಹೆಸರಿನವರೇ 1 ಎಕರೆ 10 ಗುಂಟೆಯನ್ನು ಮಾರಿದ್ದರು. ಜಮೀನು ಮಾರಾಟವಾಗಿರುವಂತಿದೆ, ಪೌತಿ ಖಾತೆ ಮಾಡಲಾಗದು ಎಂಬ ಷರಾದೊಂದಿಗೆ ಅರ್ಜಿ ಹಿಂದಕ್ಕೆ ಬಂತು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಚೇರಿಯ ಹೊರಗೆ ಒಬ್ಬರು 25,000 ರೂಪಾಯಿ ಕೊಟ್ಟರೆ ಎಲ್ಲವನ್ನೂ ಸರಿ ಮಾಡಿಸುತ್ತೇನೆಂದರು. ಏನು ಸರಿ ಮಾಡಿಸುತ್ತೀರಿ ಎಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ಕೊಡದೆ ಬಂದೆ. ನಿಮ್ಮನ್ನು ಯಾರಾದರೂ ಹೀಗೆ ಕೇಳಿದರೆ ಆ ಪ್ರಶ್ನೆಯನ್ನು ಮೊದಲು ಕೇಳಿ.

ಅಂದು ರಾತ್ರಿ ಒಂದು ಹೊಸ ಪುಟದಲ್ಲಿ ವರ್ಷಗಳನ್ನು ಮೇಲಿನಿಂದ ಕೆಳಕ್ಕೆ ಬರೆದೆ. 1968 ವಿಭಾಗ ಪತ್ರ, 1982-83 ನಾಲೆಯ ನಮೂದು, 1991 ಕ್ರಯ. ತಾತ ತೀರಿಕೊಂಡದ್ದು ನಾನು ಹುಟ್ಟುವ ಮೊದಲೇ ಎಂಬುದು ಮನೆಯಲ್ಲೆಲ್ಲರಿಗೂ ಗೊತ್ತಿದ್ದ ಮಾತು. ನಾನು ಹುಟ್ಟಿದ್ದು 1985ರ ಡಿಸೆಂಬರ್. ಹಾಗಾದರೆ 1991ರಲ್ಲಿ ಮಾರಿದವರು ಯಾರು? ಬಿಡಿಬಿಡಿಯಾಗಿ ನೋಡುವಾಗ ಯಾರಿಗೂ ಹೊಳೆಯದ ಪ್ರಶ್ನೆ, ವರ್ಷಗಳನ್ನು ಒಂದರ ಕೆಳಗೊಂದು ಬರೆದ ಕೂಡಲೇ ತಾನಾಗಿ ಎದ್ದು ನಿಂತಿತು. ಯಾವ ತೊಡಕೇ ಇರಲಿ, ನ್ಯಾಯಾಲಯದ್ದಿರಲಿ, ಆಸ್ಪತ್ರೆಯ ಬಿಲ್ಲಿನದಿರಲಿ, ಮನೆಯ ಜಗಳದ್ದೇ ಇರಲಿ, ಇಂಥ ಒಂದು ಪುಟವನ್ನು ಮೊದಲು ಬರೆಯಿರಿ ಎಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಉಪನೋಂದಣಿ ಕಚೇರಿಯಿಂದ ಎರಡೂ ಪತ್ರಗಳ ದೃಢೀಕೃತ ನಕಲು ಪಡೆಯಲು ಸೆಪ್ಟೆಂಬರ್ ಪೂರ್ತಿ ಹೋಯಿತು. ಪಕ್ಕಪಕ್ಕದಲ್ಲಿಟ್ಟು ಓದಿದಾಗ ಮೂರು ವ್ಯತ್ಯಾಸಗಳು ಕಂಡವು. 1968ರ ಪತ್ರದಲ್ಲಿ ತಾತನ ಹೆಸರಿನ ಮುಂದೆ "ಬಿನ್" ಎಂದು ಅವರ ತಂದೆಯ ಹೆಸರಿತ್ತು, 1991ರದರಲ್ಲಿ ಬೇರೊಬ್ಬ ತಂದೆಯ ಹೆಸರಿತ್ತು. ಚಕ್ಕುಬಂದಿಯ, ಅಂದರೆ ಹೊಲದ ಎಲ್ಲೆಯ, ನಾಲ್ಕು ದಿಕ್ಕುಗಳೂ ಬೇರೆಯಾಗಿದ್ದವು. 1991ರ ಪತ್ರದ ಪ್ರಕಾರ ನಾಲೆ ಆ ಹೊಲಕ್ಕೆ ಪೂರ್ವಕ್ಕಿತ್ತು, ನಮ್ಮದಕ್ಕೆ ಪಶ್ಚಿಮಕ್ಕಿದೆ. ಕೊನೆಯದಾಗಿ, ತಾತನದು ಎಡಗೈ ಹೆಬ್ಬೆಟ್ಟಿನ ಗುರುತು, 1991ರಲ್ಲಿ ಮಾರಿದವರದು ರುಜು. ನಮ್ಮ ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಒಂದೇ ಊರು, ಒಂದೇ ಸರ್ವೆ ನಂಬರು, ಒಂದೇ ಹೆಸರು, ಮನುಷ್ಯರು ಇಬ್ಬರು. ಕೈಬರಹದ ಪಹಣಿಗಳನ್ನು ಗಣಕೀಕರಿಸುವಾಗ ನಮ್ಮ ತಾತನ ಹೆಸರಿನ ಮುಂದಿದ್ದ ತಂದೆಯ ಹೆಸರು ಬಿಟ್ಟುಹೋಗಿತ್ತು, ಗೊಂದಲಕ್ಕೆಲ್ಲ ಅದೇ ಮೂಲ.

ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವ ಕಚೇರಿಯೊಂದು 1897ರಲ್ಲೇ ಕಲ್ಕತ್ತೆಯಲ್ಲಿ ಆರಂಭವಾಗಿ, ಅಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಆ ಗುರುತುಗಳನ್ನು ವರ್ಗೀಕರಿಸುವ ಕ್ರಮವನ್ನು ರೂಪಿಸಿದರೆಂದು ಓದಿದ್ದೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ, ಹೆಬ್ಬೆಟ್ಟು ಇತ್ತು ಎಂಬುದೇ ಸಾಕಾಯಿತು. ನನಗೆ ಆಗ ನೆನಪಾದದ್ದು ನಮ್ಮ ಜಿಲ್ಲೆಯ ಬೇಲೂರು. ಅಲ್ಲಿನ ಶಿಲ್ಪಗಳ ಪೀಠದಲ್ಲಿ ಶಿಲ್ಪಿಗಳು ಬರಿಯ ಹೆಸರನ್ನಷ್ಟೇ ಕೆತ್ತಿ ಬಿಡಲಿಲ್ಲ; ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂದು ಊರನ್ನೂ ತಂದೆಯನ್ನೂ ಹೇಳಿಕೊಂಡಿದ್ದರಿಂದಲೇ ಒಂಬತ್ತು ಶತಮಾನಗಳ ನಂತರವೂ ಯಾರ ಕೆಲಸ ಯಾರದೆಂದು ನಮಗೆ ತಿಳಿಯುತ್ತದೆ. ಯಾವ ಅರ್ಜಿಯಲ್ಲೂ ಬರಿಯ ಹೆಸರನ್ನು ಬರೆಯಬೇಡಿ. ಬಿನ್ (ತಂದೆಯ ಹೆಸರು), ಕೋಂ (ಗಂಡನ ಹೆಸರು), ಊರು ಮೂರನ್ನೂ ಬರೆಯಿರಿ. ನಮೂದಾದ ಮೇಲೆ ಅವು ಉಳಿದಿವೆಯೇ ಎಂದು ಓದಿ ನೋಡಿ.

ಇಷ್ಟಾದರೂ ತಾತನ ಮರಣಕ್ಕೆ ದಾಖಲೆ ಬೇಕಿತ್ತು. ಒಂದು ವರ್ಷ ಮೀರಿದ ಮರಣವನ್ನು ಹೊಸದಾಗಿ ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಸೇರಿದೆ. ಎಲ್ಲರೂ ಆ ದಾರಿಯನ್ನೇ ಹಿಡಿಯಲು ಹೇಳಿದರು. ಆದರೆ ಮರಣ ನೋಂದಣಿಯಾಗಿಲ್ಲವೆಂದು ನಮಗೆ ಹೇಗೆ ಗೊತ್ತು? ಯಾರೂ ಹುಡುಕಿರಲಿಲ್ಲ, ಅಷ್ಟೇ. ಹುಡುಕಬೇಕಾದರೆ ವರ್ಷವೂ ತಿಂಗಳೂ ಬೇಕು.

ಅಮ್ಮನನ್ನು ಕೂರಿಸಿಕೊಂಡು ಪ್ರಶ್ನೆಗಳ ಮೇಲೆ ಪ್ರಶ್ನೆ ಹಾಕಿದೆ. ಯಾವ ಇಸವಿ, ಯಾವ ತಿಂಗಳು, ಯಾವ ತಾರೀಖು. ಅವರು ಸ್ವಲ್ಪ ಹೊತ್ತು ತಡವರಿಸಿ, "ಹಿಂಗೆ ಪೊಲೀಸ್ನೋರ ಥರ ಕೇಳಿದ್ರೆ ನಂಗೆ ಇರೋದೂ ಮರ್ತೋಗುತ್ತೆ ಕಣಮ್ಮ" ಎಂದು ಕಣ್ಣೊರೆಸಿಕೊಂಡು ಎದ್ದುಹೋದರು. ನನ್ನ ತಪ್ಪು ನನಗೆ ತಿಳಿಯಿತು. ಸಾಕ್ಷಿ ಹೇಳುವವರ ನೆನಪು ನಮ್ಮ ಪ್ರಶ್ನೆಯ ಆಕಾರದಲ್ಲಿ ಇರುವುದಿಲ್ಲ; ಅದು ಇರುವ ಆಕಾರದಲ್ಲೇ ಹೊರಬರಲು ಬಿಡಬೇಕು. ನಮ್ಮ ಹಿರಿಯರ ಕಾಲ ಇಸವಿಗಳಲ್ಲಿ ಇಲ್ಲ. ಹಬ್ಬ, ಬೆಳೆ, ಬಾಣಂತನ, ಊರೆಲ್ಲ ಮಾತಾಡಿಕೊಂಡ ಸುದ್ದಿ ಇವುಗಳಲ್ಲಿದೆ. ಮರುದಿನ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅಮ್ಮನ ಪಕ್ಕದಲ್ಲಿ ಕೂತು, ತಾತ ಹೋದ ದಿನ ಏನೇನಾಯಿತು ಹೇಳಮ್ಮ ಎಂದಷ್ಟೇ ಕೇಳಿದೆ. "ನೀನು ಹೊಟ್ಟೇಲಿದ್ದೆ, ಆರು ತುಂಬಿತ್ತು. ಬಸುರಿ ಅಂತ ನಂಗೆ ಅವ್ರ ಹೆಣ ನೋಡೋಕೂ ಬಿಡಲಿಲ್ಲ" ಎಂದರು. ತಿಪಟೂರಿನಲ್ಲಿರುವ ದೊಡ್ಡತ್ತೆಯನ್ನು ಬೇರೆಯಾಗಿ, ಅಮ್ಮ ಹೇಳಿದ್ದನ್ನು ತಿಳಿಸದೆ ಕೇಳಿದೆ. ನಾಲೆಗೆ ಗುರುತಿನ ಕಲ್ಲು ನೆಟ್ಟದ್ದನ್ನು ಅವರು ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಚುನಾವಣೆಗೆ ನಿಂತದ್ದಕ್ಕೆ, ಅಂದರೆ 1978ಕ್ಕೆ, ಹೊಂದಿಸಿ ಹೇಳಿದರು. ತಾತ ಹೋದದ್ದು ಇಂದಿರಾ ಗಾಂಧಿಯವರ ಹತ್ಯೆಯಾದ ಮಾರನೆಯ ವರ್ಷ, ಗೌರಿ ಹಬ್ಬಕ್ಕೆ ಒಂದು ವಾರವಿದ್ದಾಗ. ಆ ವರ್ಷ ತವರಿನ ಬಾಗಿನ ಬರಲಿಲ್ಲವೆಂಬುದು ಅವರ ನೆನಪು. ಹತ್ಯೆಯಾದದ್ದು 1984ರ ಅಕ್ಟೋಬರ್‌ನಲ್ಲಿ. ಒಬ್ಬರನ್ನೊಬ್ಬರು ಕೇಳಿಕೊಳ್ಳದ ಇಬ್ಬರ ಮಾತುಗಳು 1985ರ ಸೆಪ್ಟೆಂಬರಿನ ಆಸುಪಾಸಿನಲ್ಲಿ ಬಂದು ಕೂಡಿದವು.

ಆ ಅವಧಿಯನ್ನು ನಮೂದಿಸಿ ಹಳೆಯ ಮರಣ ರಿಜಿಸ್ಟರಿನ ಶೋಧನೆಗೆ ಅರ್ಜಿ ಕೊಟ್ಟೆ. ಅಕ್ಟೋಬರ್‌ನಲ್ಲಿ ಹಾಸನಾಂಬೆಯ ಬಾಗಿಲು ತೆರೆದು, ಸಿಬ್ಬಂದಿಯೆಲ್ಲ ದರ್ಶನದ ಕರ್ತವ್ಯಕ್ಕೆ ಹೋದ ಕಾರಣ ಮೂರು ವಾರ ಏನೂ ನಡೆಯಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಗುರುವಾರ ಬೆಳಿಗ್ಗೆ, ಅಂಚು ಮುರಿದ ರಿಜಿಸ್ಟರಿನಲ್ಲಿ ತಾತನ ಹೆಸರು, ಅವರ ತಂದೆಯ ಹೆಸರು, ವಯಸ್ಸು ಎಲ್ಲವೂ ಇದ್ದ ಒಂದು ಸಾಲು ಸಿಕ್ಕಿತು. ಅಂದಿನ ಗ್ರಾಮ ಲೆಕ್ಕಿಗರು ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದರು. ಅವರು ಯಾರೆಂದು ನನಗೆ ತಿಳಿಯದು, ಮನಸ್ಸಿನಲ್ಲೇ ಕೈಮುಗಿದೆ. ಮ್ಯಾಜಿಸ್ಟ್ರೇಟರ ಆದೇಶದ ಅಗತ್ಯವೇ ಬೀಳಲಿಲ್ಲ.

ಉಳಿದದ್ದು ಬೇಗ ಸಾಗಿತು. ವಂಶವೃಕ್ಷ ಮಾಡಿಸುವಾಗ ಅತ್ತೆಯಂದಿರನ್ನು ಬಿಟ್ಟುಬಿಡಿ, ಅವರಿಗೆ ಕೊಡಬೇಕಾದ್ದು ಮದುವೆಯಲ್ಲೇ ಕೊಟ್ಟಾಗಿದೆಯಲ್ಲ ಎಂದು ಸಲಹೆ ಕೊಟ್ಟವರಿದ್ದರು. ಇರಬೇಕಾದ ಕಡೆ ಒಂದು ಹೆಸರು ಇಲ್ಲದಿರುವುದು ಎಂಥ ಅನಾಹುತಕ್ಕೆ ಕಾರಣವಾಗುತ್ತದೆಂದು ಆಗಷ್ಟೇ ಕಂಡಿದ್ದ ನಾನು ಅದಕ್ಕೆ ಒಪ್ಪಲಿಲ್ಲ. ಹೆಣ್ಣುಮಕ್ಕಳಿಗೆ ಕಾನೂನಿನಲ್ಲಿ ಹಕ್ಕಿದೆ, ಅದನ್ನು ಮುಚ್ಚಿಡುವ ಮನಸ್ಸೂ ನನಗಿರಲಿಲ್ಲ. ದೊಡ್ಡತ್ತೆಯ ಆಧಾರ್ ಕಾರ್ಡಿನಲ್ಲಿ ಹೆಸರು ಬೇರೆ ರೀತಿಯಲ್ಲಿದ್ದುದರಿಂದ ಒಂದು ಪ್ರಮಾಣಪತ್ರ ಹೆಚ್ಚಾಯಿತು. ಸಂಕ್ರಾಂತಿಯ ನಂತರ, ರಾಗಿ ಒಕ್ಕಣೆ ಮುಗಿದ ಕಣದಲ್ಲೇ ಸ್ಥಳ ತನಿಖೆಯ ಮಹಜರು ನಡೆಯಿತು. 1991ರಲ್ಲಿ ಆ ಇನ್ನೊಂದು ಹೊಲವನ್ನು ಕೊಂಡವರ ಮಕ್ಕಳು ತಾವಾಗಿಯೇ ಬಂದು, ತಮ್ಮ ಜಮೀನು ನಾಲೆಯ ಆಚೆಯದೆಂದು ಹೇಳಿಕೆ ಬರೆದುಕೊಟ್ಟರು. ಮಹಜರಿಗೆ ಮೊದಲ ಸಹಿ ಹಾಕಿದ್ದು ಚಿಕ್ಕಪ್ಪ. ನೋಟಿಸು ಹೊರಟು, ಆಕ್ಷೇಪಣೆಯ ಗಡುವು ಮುಗಿಯುವವರೆಗೆ ದಿನಗಳನ್ನು ಎಣಿಸಿದೆ. ಯಾವ ಆಕ್ಷೇಪಣೆಯೂ ಬರಲಿಲ್ಲ.

ಖರ್ಚನ್ನೂ ಹೇಳಿಬಿಡುತ್ತೇನೆ. ದೃಢೀಕೃತ ನಕಲುಗಳು, ಪ್ರಮಾಣಪತ್ರಗಳು, ನೋಟರಿ, ಜೆರಾಕ್ಸು, ತಮ್ಮನ ಪ್ರಯಾಣ ಎಲ್ಲ ಸೇರಿ ಒಟ್ಟು 7,180 ರೂಪಾಯಿ ಆಯಿತು. ಶಕ್ತಿ ಯೋಜನೆಯಿಂದ ನನ್ನ ಮತ್ತು ಅತ್ತೆಯಂದಿರ ಬಸ್ ಪ್ರಯಾಣಕ್ಕೆ ಹಣ ಬೀಳಲಿಲ್ಲ. ನನ್ನ ಗಳಿಕೆ ರಜೆಯಲ್ಲಿ ಹದಿನಾಲ್ಕು ದಿನಗಳು ಹೋದವು. ಪ್ರತಿ ಕಾಗದಕ್ಕೂ ಮೂರು ನಕಲು ಇಟ್ಟುಕೊಳ್ಳಿ, ಮೂಲವನ್ನು ಯಾರ ಕೈಗೂ ಬಿಟ್ಟುಬರಬೇಡಿ, ಕೊಟ್ಟ ಪ್ರತಿ ಅರ್ಜಿಯ ಸ್ವೀಕೃತಿಯನ್ನೂ ಅದೇ ದಿನ ಪುಸ್ತಕಕ್ಕೆ ಅಂಟಿಸಿ.

ಪುಸ್ತಕದ 163 ಪುಟಗಳು ತುಂಬಿವೆ. ಹಿಂದಿರುಗಿ ನೋಡಿದರೆ ಬಲಗಡೆ ಬರೆದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಳ್ಳಾಗಿವೆ, ಅವುಗಳನ್ನು ಬರೆಯುವ ಕ್ಷಣದಲ್ಲಿ ಎಲ್ಲವೂ ನಿಜವೆಂದೇ ನನಗೆ ತೋರಿತ್ತು. ಈಗ ಮಗ ತಡವಾಗಿ ಮನೆಗೆ ಬಂದರೆ, ಮೇಲಧಿಕಾರಿ ಮಾತಾಡಿಸದೆ ಹೋದರೆ, ಕಾರಣವನ್ನು ನಾನೇ ಕಟ್ಟಿಕೊಳ್ಳುವ ಮೊದಲು ಮನಸ್ಸಿನಲ್ಲಿ ಆ ಗೆರೆ ಎಳೆಯಲು ನೋಡುತ್ತೇನೆ. ಎಲ್ಲ ಸಲವೂ ಸಾಧ್ಯವಾಗುವುದಿಲ್ಲ.

ಇನ್ನು ಜಂಟಿ ಖಾತೆಯನ್ನು ಪಾಲು ಮಾಡಿಕೊಳ್ಳಲು 11ಇ ನಕ್ಷೆಗೆ, ಅಂದರೆ ಪಾಲುಗಳನ್ನು ಗುರುತಿಸುವ ಸರ್ವೆ ನಕ್ಷೆಗೆ, ಅರ್ಜಿ ಹಾಕಬೇಕು, ಭೂಮಾಪಕರು ಬಂದು ಅಳೆಯಬೇಕು. ನಿನ್ನೆ ಚಿಕ್ಕಪ್ಪ ಫೋನ್ ಮಾಡಿ, ಆಲೂಗಡ್ಡೆ ಬಿತ್ತನೆಗೆ ಮೊದಲೇ ಅಳತೆ ಆಗಿಬಿಟ್ಟರೆ ಒಳ್ಳೆಯದೆಂದರು. ಫೋನ್ ಇಡುವ ಮೊದಲು, "ಬರುವಾಗ ಆ ಪುಸ್ತಕ ತಗೊಂಡ್ ಬಾ ಮಗಳೇ, ಹಳೇ ಬದುವಿನ ಕಲ್ಲು ಎಲ್ಲೆಲ್ಲಿತ್ತು ಅಂತ ನಂಗೆ ನೆನಪಿರೋದನ್ನ ಬರೆಸ್ತೀನಿ" ಎಂದರು.